ಆಂಬೋಲಿಯ ಮಳೆಯಲ್ಲಿ ಕ್ಯಾಮರಾ

ಮುಂಬಯಿ-ಪುಣೆಗಳಲ್ಲಿ ಬಾಳುವ ನಮ್ಮಂಥವರಿಗೆ ಮಳೆಗಾಲವೆಂದರೆ ತಡವಾದ ಗಾಡಿ, ಒಣಗದ ಬಟ್ಟೆ, ಬಾಗಿಲ ಮೂಲೆಯಲ್ಲಿ ಸೋರುತ್ತ ನಿಂತ ಕೊಡೆ. ಅದೇ ಮಳೆ ಸಹ್ಯಾದ್ರಿಯ ನೆತ್ತಿಯ ಮೇಲೆ ಎಂತೆಂಥ ಜೀವಗಳನ್ನು ಎಬ್ಬಿಸುತ್ತದೆ ಎಂಬುದನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕು. ಮೋಡ ಕವಿದೊಡನೆ ಕ್ಯಾಮರಾವನ್ನು ಕಪಾಟಿನಲ್ಲಿಡುವುದು ನಮ್ಮೆಲ್ಲರ ರೂಢಿ. ಆಂಬೋಲಿಗೆ ಹೋದವರು ಮಾತ್ರ ಮೋಡ ಕವಿದ ಮೇಲೆಯೇ ಅದನ್ನು ಹೊರತೆಗೆಯಬೇಕು.

ಆಂಬೋಲಿ ಎಂದೊಡನೆ ನಮ್ಮ ಮುಂಬಯಿ ವಾಚಕರು ಅಂಧೇರಿಯ ಆಂಬೋಲಿಯನ್ನು ನೆನೆಯಬಾರದು. ನಾವು ಹೇಳುತ್ತಿರುವುದು ಸಿಂಧುದುರ್ಗ ಜಿಲ್ಲೆಯ ಘಟ್ಟದ ಊರನ್ನು. ಸಮುದ್ರಮಟ್ಟದಿಂದ ಸುಮಾರು ೬೯೦ ಮೀಟರು ಎತ್ತರ. ವರುಷದ ಮಳೆ ಸುಮಾರು ೭,೦೦೦ ಮಿಲಿಮೀಟರು, ಎಂದರೆ ಮುಂಬಯಿಯ ಮಳೆಯ ಮೂರರಷ್ಟು! ಕೊಂಕಣ ರೈಲಿನಲ್ಲಿ ಸಾವಂತವಾಡಿಗೆ ಇಳಿದು, ಅಲ್ಲಿಂದ ಸುಮಾರು ೩೦ ಕಿಲೋಮೀಟರು ಘಟ್ಟ ಹತ್ತಿದರೆ ಊರು ಸಿಕ್ಕುತ್ತದೆ. ಬೆಳಗಾವಿಯ ಕಡೆಯಿಂದಲೂ ದಾರಿಯುಂಟು.

ಜುಲೈ ತಿಂಗಳಲ್ಲಿ ನಾವು ನಾಲ್ಕು ಮನೆಯವರು ಮೂರು ದಿನ ಅಲ್ಲಿ ಬಿಡಾರ ಹೂಡಿದೆವು. ಕಾಡಿನಂಚಿನಲ್ಲಿ ಹೆಂಚು ಹೊದಿಸಿದ ಎರಡು ಸಣ್ಣ ಮನೆಗಳು, ಮುಂದೊಂದು ಜಗಲಿ, ಪಕ್ಕದಲ್ಲಿ ನೀರಿನ ತೊಟ್ಟಿ. ಮೂರು ದಿನದಲ್ಲಿ ಸೂರ್ಯನ ಮುಖ ಕಂಡದ್ದು ಒಟ್ಟು ಒಂದು ಗಂಟೆಯೂ ಇರಲಾರದು. ಹಾಗೆಂದು ಬೇಸರವಾಯಿತೆ? ಇಲ್ಲ. ಜಗಲಿಯಲ್ಲಿ ಕುಳಿತು ಬಿಸಿ ಚಹ ಕುಡಿಯುತ್ತಿದ್ದರೆ ಮಂಜೇ ಅಂಗಳಕ್ಕೆ ಬಂದು ಮಾತಾಡಿಸಿ ಹೋಗುತ್ತಿತ್ತು.

ಮಳೆಯಲ್ಲಿ ಚಿತ್ರ ತೆಗೆಯಹೊರಟವರಿಗೆ ನಾಲ್ಕು ಮಾತು. ಮೋಡದ ಬೆಳಕು ಮೃದುವಾದುದು. ಗಾಢವಾದ ನೆರಳು ಬೀಳದು, ಹಸುರಿನ ನೂರು ಬಗೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಆದರೆ ಬೆಳಕು ಕಡಿಮೆಯಾದ್ದರಿಂದ ಷಟರು ನಿಧಾನವಾಗುತ್ತದೆ, ಕೈ ಅಲುಗಿದರೆ ಚಿತ್ರ ಕೆಡುತ್ತದೆ. ಮೂರು ಕಾಲಿನ ಸ್ಟ್ಯಾಂಡು ಇದ್ದರೆ ಉತ್ತಮ. ಇಲ್ಲದಿದ್ದರೆ ಜಗಲಿಯ ಕಂಬಕ್ಕೆ ಒರಗಿ ನಿಲ್ಲಬಹುದು. ಒದ್ದೆ ಎಲೆಯ ಮೇಲಿನ ಬಿಳಿಯ ಹೊಳಪನ್ನು ಪೋಲರೈಸರ್ ಫಿಲ್ಟರು ತಗ್ಗಿಸುತ್ತದೆ. ತಂಪು ಮಾಡಿದ ಕಾರಿನಿಂದ ಇಳಿದೊಡನೆ ಕ್ಯಾಮರಾ ತೆರೆದರೆ ಮಸೂರದ ಮೇಲೆ ಹಬೆ ಕೂಡುತ್ತದೆ. ಅರ್ಧ ಗಂಟೆ ಚೀಲದಲ್ಲೇ ಇರಲಿ. ರಾತ್ರಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಬೇಕು. ಇಲ್ಲವಾದರೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ದೊಡ್ಡ ಕ್ಯಾಮರಾ ಇಲ್ಲದವರು ಕೊರಗಬೇಕಾಗಿಲ್ಲ. ಫೋನಿನಲ್ಲಿಯೂ ಒಳ್ಳೆಯ ಚಿತ್ರ ಬರುತ್ತದೆ, ತಾಳ್ಮೆಯಿದ್ದರೆ.

ಈ ತಾಳ್ಮೆಯ ಮಾತೇ ಮುಖ್ಯವಾದುದು. ನೀರಿನ ತೊಟ್ಟಿಯ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿಯ ನೊರೆಯ ಮುದ್ದೆಯೊಂದು ತೂಗುತ್ತಿತ್ತು. ಅದು ಮಲಬಾರಿನ ಹಾರುಗಪ್ಪೆಯ ಗೂಡು. ಬೆರಳುಗಳ ನಡುವೆ ಕೆಂಪು ಪೊರೆಯಿರುವ ಈ ಹಸುರು ಕಪ್ಪೆ ಮರದಿಂದ ಮರಕ್ಕೆ ೯ರಿಂದ ೧೨ ಮೀಟರುಗಳವರೆಗೂ ತೇಲಬಲ್ಲದು. ಹಿಂಗಾಲುಗಳಿಂದ ಕಡೆದು ನೊರೆಯೆಬ್ಬಿಸಿ ಅದರಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಗಳು ಕೆಳಗಿನ ನೀರಿಗೆ ಬೀಳುತ್ತವೆ. ಆದ್ದರಿಂದಲೇ ಗೂಡು ನೀರಿನ ನೇರಕ್ಕೇ ಇರಬೇಕು.

ನಮ್ಮ ಹುಡುಗನೊಬ್ಬ ಕೊಂಬೆಗೆ ಕೈ ಚಾಚಿ, "ಕಾಕಾ, ಸ್ವಲ್ಪ ಈಚೆಗೆ ಎಳೆದು ಹಿಡಿಯಲೇನು? ಬೆಳಕು ಚೆನ್ನಾಗಿ ಬೀಳುತ್ತದೆ" ಎಂದ. ಅವನ ಅಜ್ಜಿ ಜಗಲಿಯಿಂದಲೇ, "ಬ್ಯಾಡಪ್ಪಾ, ಬಾಣಂತಿ ಕೋಣಿಯೊಳಗ ಯಾರರ ದೀಪಾ ಹಿಡಕೊಂಡು ನುಗ್ಗತಾರೇನು?" ಎಂದರು. ಎಲ್ಲರೂ ನಕ್ಕೆವು, ಹುಡುಗನ ಕೈ ತಾನಾಗಿ ಕೆಳಗಿಳಿಯಿತು. ಅವನು ಅಂದು ತೆಗೆದ ಚಿತ್ರ ತುಸು ಮಬ್ಬಾಗಿದೆ. ಗೂಡು ಮಾತ್ರ ಇದ್ದಲ್ಲೇ ಉಳಿಯಿತು.

ನಾವು ಈ ಸಣ್ಣ ಸಂಗತಿಯನ್ನು ಹೇಳುವುದಕ್ಕೆ ಕಾರಣವುಂಟು. ಕಪ್ಪೆಯನ್ನು ಹಿಡಿದು ತಂದು ಚೆಂದದ ಎಲೆಯ ಮೇಲೆ ಕೂರಿಸುವುದು, ಮುಖಕ್ಕೆ ಮತ್ತೆ ಮತ್ತೆ ಫ್ಲ್ಯಾಷು ಹೊಡೆಯುವುದು ಕೆಲವರಿಗೆ ಚಟವಾಗಿದೆ. ಕಪ್ಪೆ ತನ್ನ ಚರ್ಮದಿಂದಲೂ ಉಸಿರಾಡುತ್ತದೆ, ನೀರು ಹೀರುತ್ತದೆ. ನಮ್ಮ ಕೈಗೆ ಹಚ್ಚಿಕೊಂಡ ಸೊಳ್ಳೆಯ ಮುಲಾಮು ಅದಕ್ಕೆ ವಿಷವಾದೀತು. ಗುಳಿಮಂಡಲ ಹಾವಿನ ಮಾತೂ ಅಷ್ಟೆ. ಹಸುರು, ಕಂದು, ಹಳದಿ ಮೊದಲಾದ ಬಣ್ಣಗಳಲ್ಲಿ ಕಾಣುವ ಈ ಹಾವು ಬೇಟೆಗಾಗಿ ಒಂದೇ ಕಡೆ ಬಹಳ ಹೊತ್ತು ಕದಲದೆ ಕಾಯುತ್ತದೆ. ಅದನ್ನು ಕೋಲಿನಿಂದ ಕೆಣಕಿದರೆ ಅದರ ಊಟ ತಪ್ಪುತ್ತದೆ. ವಿಷದ ಹಾವಾದ್ದರಿಂದ ನಮ್ಮ ಜೀವಕ್ಕೂ ಅಪಾಯ.

ಇನ್ನೊಂದು ಜೀವಿಯ ಹೆಸರನ್ನು ಹೇಳಲೇಬೇಕು. ಮೈಮೇಲೆ ಹುಲಿಯಂತೆ ಹಳದಿ ಪಟ್ಟೆಯಿರುವ ಪುಟ್ಟ ನೆಲಗಪ್ಪೆಗೆ ವಿಜ್ಞಾನಿಗಳು ೨೦೦೯ರಲ್ಲಿ ಹೆಸರಿಟ್ಟರು. ಆಂಬೋಲಿ ಮತ್ತು ಅದರ ನೆರೆಯ ಕೆಲವೇ ಎಡೆಗಳ ಹೊರತು ಇದು ಲೋಕದಲ್ಲಿ ಬೇರೆಲ್ಲಿಯೂ ಕಂಡುಬಂದಿಲ್ಲ. ಜಂಬಿಟ್ಟಿಗೆ ಬಂಡೆಯ ಮೇಲೆ ಮಳೆನೀರು ನಿಂತ ಸಣ್ಣ ಗುಂಡಿಗಳಲ್ಲಿ ಇದರ ಸಂತಾನ ಬೆಳೆಯುತ್ತದೆ. ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಇದೂ ಸೇರಿದೆ. ಮಳೆಯ ರಾತ್ರಿ ರಸ್ತೆಗಿಳಿಯುವ ಕಪ್ಪೆಗಳು ಪ್ರವಾಸಿಗರ ವಾಹನಗಳ ಗಾಲಿಗೆ ಸಿಕ್ಕಿ ಸಾಯುತ್ತವೆ. ನಾವು ಆ ಮೂರು ರಾತ್ರಿಯೂ ವಾಹನ ಮುಟ್ಟದೆ, ಬ್ಯಾಟರಿ ಹಿಡಿದು, ಹೆಜ್ಜೆಯೂರುವ ಮುನ್ನ ನೆಲ ನೋಡಿ ನಡೆದೆವು. ನಡೆದವರಿಗೇ ಹೆಚ್ಚು ಕಾಣಿಸುತ್ತದೆ ಎಂಬುದೂ ಆಗ ತಿಳಿಯಿತು.

ಕೊನೆಯ ದಿನ ಹಿರಣ್ಯಕೇಶಿಯ ದೇವಾಲಯಕ್ಕೆ ಹೋದೆವು. ಅಲ್ಲಿಯ ಗುಹೆಯಿಂದ ಹೊರಡುವ ಹೊಳೆ ಆಜರಾ, ಗಡಹಿಂಗ್ಲಜಗಳನ್ನು ಹಾದು, ಕನ್ನಡನಾಡಿಗೆ ಬಂದು, ಸಂಕೇಶ್ವರವನ್ನು ಮುಟ್ಟಿ ಮುಂದೆ ಘಟಪ್ರಭೆಯನ್ನು ಕೂಡುತ್ತದೆ. ನಮ್ಮೊಡನಿದ್ದ ಅಜ್ಜಿಯ ತವರು ಸಂಕೇಶ್ವರ. "ನಮ್ಮೂರ ಹೊಳಿ ಇಲ್ಲೇ ಹುಟ್ಟತೈತೇನ್ರೀ?" ಎಂದು ಬೊಗಸೆಯಲ್ಲಿ ನೀರು ಹಿಡಿದು ಕಣ್ಣಿಗೊತ್ತಿಕೊಂಡರು. ಅಲ್ಲಿಯ ಕೊಳದಲ್ಲಿರುವ ಪುಟ್ಟ ಮೀನೊಂದು ಹೊಸ ಜಾತಿಯದೆಂದು ೨೦೨೦ರಲ್ಲಿ ತಿಳಿದುಬಂದು, ಈ ನದಿಯ ಹೆಸರನ್ನೇ ಪಡೆಯಿತು. ಮರುವರುಷ, ೨೦೨೧ರಲ್ಲಿ, ಮಹಾರಾಷ್ಟ್ರ ಸರಕಾರ ಆ ಸ್ಥಳವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಸಾರಿತು. ಹುಟ್ಟಿದ ನಾಡು ಒಂದು, ಅನ್ನ ಕೊಟ್ಟ ನಾಡು ಇನ್ನೊಂದು ಎನ್ನುವ ನಮಗೆ, ಎರಡನ್ನೂ ಒಂದೇ ನೀರು ತೊಯ್ಯಿಸುವುದನ್ನು ಕಂಡು ಮನಸ್ಸು ತುಂಬಿತು.

ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿ (೧೯೩೮-೨೦೦೭), ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (೧೯೩೨-೨೦೧೭) ಮೊದಲಾದವರಿಂದ ಈ ಕಲೆಯಲ್ಲಿ ಕನ್ನಡನಾಡಿಗೆ ಒಳ್ಳೆಯ ಹೆಸರಿದೆ. ಆ ಹೆಸರನ್ನು ನಮ್ಮ ಮಕ್ಕಳೂ ಉಳಿಸಲಿ. ಮುಂದಿನ ಮಳೆಗಾಲಕ್ಕೆ ಅವರ ಕೈಗೆ ಕ್ಯಾಮರಾ ಕೊಟ್ಟು ಘಟ್ಟಕ್ಕೆ ಕರೆದೊಯ್ಯಿರಿ. ಮುಟ್ಟದೆ ನೋಡುವುದನ್ನು ಮೊದಲು ಕಲಿಸಿರಿ. ಚಿತ್ರ ತೆಗೆಯುವುದನ್ನು ಅವರೇ ಕಲಿತುಕೊಂಡಾರು.