ಮುಚ್ಚಿದ ಕೋಣೆಯಲ್ಲಿ ಕೆಂಡ: ಚಳಿಗಾಲದ ಎಚ್ಚರಿಕೆ

ನಮ್ಮ ರಾಜ್ಯದಲ್ಲಿ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಚಳಿ ಹೆಚ್ಚು. ಆಕಾಶದಲ್ಲಿ ಮೋಡವಿಲ್ಲದ ಕಾರಣ, ಹಗಲು ಕಾದ ಭೂಮಿಯು ರಾತ್ರಿ ತನ್ನ ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ. ಬೀದರ್, ವಿಜಯಪುರದ ಕಡೆ ಕೆಲವು ವರ್ಷ ಬೆಳಗಿನ ಜಾವದ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗೆ ಇಳಿಯುವುದುಂಟು. ಕೊಡಗು, ಚಿಕ್ಕಮಗಳೂರಿನ ಬೆಟ್ಟದ ಸೀಮೆಯ ಚಳಿಯಂತೂ ತಿಳಿದದ್ದೇ. ಹಿಂಗಾರಿನ ಕಡಲೆ, ಗೋಧಿ ಬೆಳೆಗಳಿಗೆ ಈ ಹವೆ ಹಿತಕರ. ಆದರೆ ರಾತ್ರಿ ವಿದ್ಯುತ್ ಬಂದಾಗ ನೀರು ಹಾಯಿಸಿ, ಒದ್ದೆ ಕಾಲಿನಲ್ಲಿ ಮನೆಗೆ ಬರುವ ರೈತನಿಗೂ, ಮನೆಯಲ್ಲಿರುವ ವೃದ್ಧರಿಗೂ, ಹಸುಗೂಸುಗಳಿಗೂ ಅದು ಹಿತಕರವಲ್ಲ.

ಆದ್ದರಿಂದಲೇ ಒಲೆಯ ಕೆಂಡವನ್ನು ಅಗ್ಗಿಷ್ಟಿಕೆಗೋ ಹಳೆಯ ಬಾಣಲೆಗೋ ತುಂಬಿ, ಮಲಗುವ ಕೋಣೆಯಲ್ಲಿಟ್ಟು, ಬಾಗಿಲು ಕಿಟಕಿ ಭದ್ರಪಡಿಸಿ ಮಲಗುವ ಪದ್ಧತಿ ಅನೇಕ ಕಡೆ ಇದೆ. ಹೀಗೆ ಮಲಗಿದ ಕುಟುಂಬ ಬೆಳಿಗ್ಗೆ ಏಳಲಿಲ್ಲವೆಂಬ ಸುದ್ದಿಯನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಕೃಷಿ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಬೆರಣಿ, ಇದ್ದಿಲು, ತೊಗರಿ ಕಟ್ಟಿಗೆ, ಮೆಕ್ಕೆಜೋಳದ ದಿಂಡು ಎಲ್ಲವೂ ನಮ್ಮ ಹೊಲ ಮನೆಯವೇ. ಅಲ್ಲದೆ ಇದೇ ಕೆಂಡವನ್ನು ನಾವು ರೇಷ್ಮೆ ಹುಳುವಿನ ಮನೆಯಲ್ಲಿಯೂ, ಕೋಳಿಮರಿಗಳ ಮನೆಯಲ್ಲಿಯೂ ಇಡುತ್ತೇವೆ.

ಹೊಗೆ ಇಲ್ಲದ ಕೆಂಡವೇ ಹೆಚ್ಚು ಮೋಸಗಾರ

ಹೊಗೆಯಿದ್ದರೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಮಲಗಿದವರು ಎದ್ದು ಬಾಗಿಲು ತೆಗೆಯುತ್ತಾರೆ. ನಿಗಿನಿಗಿ ಕೆಂಡದಲ್ಲಿ ಹೊಗೆ ಇರುವುದಿಲ್ಲ; ಆದ್ದರಿಂದ ಅದು ನಿರಪಾಯವೆಂದು ಭಾವಿಸುತ್ತೇವೆ. ವಾಸ್ತವವಾಗಿ, ಗಾಳಿ ಸಾಲದೆ ಇದ್ದಿಲು ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗಿಗೆ ಉರಿಯೂ ಇಲ್ಲ.

ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆದಕಾರಣ ಗಾಳಿಯಲ್ಲಿ ಇದು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಗಂಟೆಗಟ್ಟಲೆ ಉಸಿರಾಡಿದರೆ ಮಿದುಳಿಗೂ ಹೃದಯಕ್ಕೂ ಆಮ್ಲಜನಕ ಸಾಲದಾಗುತ್ತದೆ. ನಿದ್ದೆಯಲ್ಲಿರುವವನು ನಿದ್ದೆಯಲ್ಲಿಯೇ ಪ್ರಜ್ಞೆ ತಪ್ಪುತ್ತಾನೆ.

ಕೆಂಡದ ಪಕ್ಕದಲ್ಲಿ ಒಂದು ಪಾತ್ರೆ ನೀರಿಟ್ಟರೆ ವಿಷ ಹೀರಿಕೊಳ್ಳುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಈ ಅನಿಲ ನೀರಿನಲ್ಲಿ ಕರಗುವುದು ತೀರ ಕಡಿಮೆ, ನೀರಿನಿಂದ ಪ್ರಯೋಜನವಿಲ್ಲ. ಮಂಚದ ಮೇಲೆ ಮಲಗಿದರೆ ತೊಂದರೆಯಿಲ್ಲವೆಂಬುದೂ ಸರಿಯಲ್ಲ. ಇದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ ಇರುವುದರಿಂದ ಕೋಣೆಯಲ್ಲೆಲ್ಲ ಬೆರೆತುಕೊಳ್ಳುತ್ತದೆ. ಬೂದಿ ಮುಚ್ಚಿದ ಕೆಂಡವೂ ಒಳಗೊಳಗೆ ಉರಿಯುತ್ತಲೇ ಇರುತ್ತದೆಂಬುದನ್ನು ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಗಾಳಿಯಾಡದ ಬಚ್ಚಲು ಮನೆಯ ಗ್ಯಾಸ್ ಗೀಸರ್‌ನಿಂದಲೂ ಇದೇ ಅನಾಹುತ ಆಗುತ್ತದೆ.

ಚಳಿ ಕಾಯಿಸಲೇಬೇಕೆಂದಿದ್ದರೆ ಜಗಲಿಯಲ್ಲಿ, ಎಲ್ಲರೂ ಎಚ್ಚರವಾಗಿರುವಾಗ ಕಾಯಿಸಿಕೊಳ್ಳಿರಿ. ಮಲಗುವ ಮುನ್ನ ಕೆಂಡವನ್ನು ಅಂಗಳಕ್ಕೆ ಒಯ್ದು ನೀರು ಹಾಕಿ ಪೂರ್ತಿ ಆರಿಸತಕ್ಕದ್ದು. ಹುಲ್ಲಿನ ಬಣವೆಯ ಬಳಿ ಸುರಿಯಬಾರದು.

ಬೆಂಕಿಯಿಲ್ಲದೆ ಬೆಚ್ಚಗಿರುವ ಬಗೆ

ಸಸಿಮಡಿಗೆ ಒಣಹುಲ್ಲಿನ ಹೊದಿಕೆ ಹಾಕಿದರೆ ರಾತ್ರಿ ಮಣ್ಣಿನ ಶಾಖ ಉಳಿಯುತ್ತದೆ. ಹುಲ್ಲು ತಾನಾಗಿ ಶಾಖ ಕೊಡುವುದಿಲ್ಲ. ಅದರ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಹೊರಗೆ ಬಿಡುವುದಿಲ್ಲ. ದೇಹಕ್ಕೂ ಇದೇ ನಿಯಮ. ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆಗಳು ಒಂದರ ಮೇಲೊಂದು ಇದ್ದರೆ ಹೆಚ್ಚು ಬೆಚ್ಚಗೆ. ಮೇಲೆ ಎಷ್ಟು ಹೊದ್ದರೂ ಕೆಳಗಿನ ಕಲ್ಲು ಹಾಸು ಅಥವಾ ಸಿಮೆಂಟ್ ನೆಲ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಚಾಪೆಯ ಕೆಳಗೆ ಚೆನ್ನಾಗಿ ಒಣಗಿದ ಭತ್ತದ ಹುಲ್ಲನ್ನೋ ಎರಡು ಪದರ ಗೋಣಿಚೀಲವನ್ನೋ ಹಾಸುವುದು ಒಳ್ಳೆಯದು. ಕೌದಿ, ಕಂಬಳಿಗಳನ್ನು ಹಗಲು ಬಿಸಿಲಿಗೆ ಹಾಕಬೇಕು. ತೇವವಿದ್ದ ಹೊದಿಕೆ ಬೆಚ್ಚಗಿಡುವುದಿಲ್ಲ. ಉಣ್ಣೆಯು ತುಸು ತೇವವಾದರೂ ಶಾಖ ಹಿಡಿಯುತ್ತದೆ, ಹತ್ತಿ ಹಾಗಲ್ಲ. ಹೊಲಕ್ಕೆ ಕಂಬಳಿ ಹೊದ್ದು ಹೋಗುತ್ತಿದ್ದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ನೀರು ಹಾಯಿಸಿ ಬಂದೊಡನೆ ಒದ್ದೆ ಬಟ್ಟೆ ಬದಲಿಸಿ ಕಾಲು ಒರೆಸಿಕೊಳ್ಳಬೇಕು.

ಹಸುಗೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟುಕೊಂಡು ಮೇಲೆ ಹೊದಿಸುವುದು ಯಾವ ಅಗ್ಗಿಷ್ಟಿಕೆಗಿಂತಲೂ ಉತ್ತಮ. ಆದರೆ ತಾಯಿ ಎಚ್ಚರವಾಗಿರಬೇಕು, ಮಗುವಿನ ಮುಖ ಮುಚ್ಚಬಾರದು. ಚಳಿಗೆಂದು ಮದ್ಯ ಸೇವಿಸುವವರೂ ಇದ್ದಾರೆ. ಮದ್ಯದಿಂದ ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬಿಸಿಯಾದಂತೆ ಅನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತದೆ.

ರೇಷ್ಮೆ ಮನೆ, ಕೋಳಿ ಮನೆ

ಉಷ್ಣತೆ 20 ಡಿಗ್ರಿಗಿಂತ ಕಡಿಮೆಯಾದರೆ ರೇಷ್ಮೆ ಹುಳುಗಳು ಸೊಪ್ಪು ತಿನ್ನುವುದು ತಗ್ಗಿ ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದ ಶಾಖ ಕೊಡುವುದು ಅಗತ್ಯವೇ. ವಿದ್ಯುತ್ ಹೀಟರ್ ಇದ್ದರೆ ಒಳಿತು. ಇದ್ದಿಲನ್ನೇ ಬಳಸುವುದಾದರೆ ಗವಾಕ್ಷಿಗಳನ್ನು ತೆರೆದಿಡಬೇಕು. ಹುಳುಗಳಿಗೂ ಶುದ್ಧ ಗಾಳಿ ಬೇಕು. ರಾತ್ರಿ ಸೊಪ್ಪು ಹಾಕುವವರು ಅಲ್ಲಿಯೇ ಮೂಲೆಯಲ್ಲಿ ಮಲಗುವ ಅಭ್ಯಾಸವನ್ನು ಬಿಡಲೇಬೇಕು. ಕೋಳಿಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕಾಗುತ್ತದೆ. ಅಲ್ಲಿಯೂ ಇದೇ ಎಚ್ಚರಿಕೆ.

ತಲೆನೋವು ಕಾಣಿಸಿಕೊಂಡರೆ

ಕೆಂಡವಿದ್ದ ಕೋಣೆಯಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು ಕಂಡುಬಂದರೆ, ಅದರಲ್ಲಿಯೂ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ, ತಡಮಾಡದೆ ಎಲ್ಲರೂ ಹೊರಗೆ ಬರಬೇಕು. ಇತರರನ್ನು ಕಾಪಾಡಲು ಹೋಗುವವರು ಮೊದಲು ಬಾಗಿಲು ಕಿಟಕಿ ಪೂರ್ತಿ ತೆರೆಯಬೇಕು. ಒಳಗೆ ಹೆಚ್ಚು ಹೊತ್ತು ನಿಲ್ಲಬಾರದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಮಜ್ಜಿಗೆ ಏನನ್ನೂ ಹಾಕಕೂಡದು. ಕೂಡಲೇ 108ಕ್ಕೆ ಕರೆ ಮಾಡಿರಿ. ಬರೀ ಗಾಳಿಯಲ್ಲಿ ರಕ್ತದೊಳಗಿನ ಈ ವಿಷ ಅರ್ಧಕ್ಕೆ ಇಳಿಯಲು 4–5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದು ಒಂದೂವರೆ ಗಂಟೆ ಸಾಕು. ಗರ್ಭಿಣಿಯರಿದ್ದರೆ, ತಮಗೇನೂ ಆಗಿಲ್ಲವೆಂದರೂ, ಕರೆದೊಯ್ಯಲೇಬೇಕು. ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ ಹೆಚ್ಚು. ಕೋಣೆಯಲ್ಲಿ ಕೆಂಡವಿತ್ತೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಇಲ್ಲದಿದ್ದರೆ ವಾಂತಿ ತಲೆನೋವನ್ನು ನೋಡಿ ಊಟದ ದೋಷವೆಂದು ತಿಳಿಯುವ ಸಂಭವವುಂಟು.