ಎಣ್ಣೆ ಬಂತು, ಕರೆಂಟು ಬಂತು, ಕೊನೆಗೆ ಸುದ್ದಿ ಮಾತ್ರ

ರೇಸ್ ಟ್ರ್ಯಾಕಿಗೆಂದೇ ಕಟ್ಟಿದ ಕಾರಿನೊಳಗೆ ಕೂತರೆ ಮೊದಲು ಗಮನಕ್ಕೆ ಬರುವುದು ಅಲ್ಲಿ ಇಲ್ಲದ ವಸ್ತುಗಳು. ಎಸಿ ಇಲ್ಲ, ಸ್ಟೀರಿಯೊ ಇಲ್ಲ, ಹಿಂದಿನ ಸೀಟೂ ಇಲ್ಲ. ಎದುರಿಗೊಂದು ಅಲ್ಯೂಮಿನಿಯಂ ತಗಡು. ಅದರ ಮೇಲೆ ಮೂರ್ನಾಲ್ಕು ದುಂಡನೆಯ ಮೀಟರು, ಒಂದು ಸಾಲು ಟಾಗಲ್ ಸ್ವಿಚ್ಚು, ಸ್ಟಾರ್ಟ್ ಬಟನ್, ಕೆಂಪು ಮುಚ್ಚಳದ ಇಗ್ನಿಷನ್. ನೋಡುವವರಿಗೆ ಶೋಕಿ ಅನ್ನಿಸೀತು. ಆದರೆ ಎಂಜಿನ್ನೂ ಉಳಿಯಬೇಕು, ಡ್ರೈವರೂ ಉಳಿಯಬೇಕು ಎಂಬ ಕಾಳಜಿಯಿಂದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಒಂದೊಂದಾಗಿ ಕೂಡಿಬಂದ ಸಾಮಾನುಗಳಿವು.

ಕಥೆ ಶುರುವಾಗುವುದು ಕಾರಿಗಿಂತ ಹಿಂದೆ. 1849ರಲ್ಲಿ ಪ್ಯಾರಿಸ್ಸಿನ ಯೂಜೀನ್ ಬೋರ್ಡೋನ್ ಉಗಿಯಂತ್ರಗಳ ಒತ್ತಡ ಅಳೆಯಲು ಒಂದು ಮೀಟರಿಗೆ ಪೇಟೆಂಟ್ ಪಡೆದ. ಚಪ್ಪಟೆ ಮಾಡಿ ಬಾಗಿಸಿದ ಲೋಹದ ನಳಿಗೆ. ಒಳಗೆ ಒತ್ತಡ ಏರಿದರೆ, ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿಯ ಹಾಗೆ ನೆಟ್ಟಗಾಗಲು ನೋಡುತ್ತದೆ. ಆ ಸಣ್ಣ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಕಾರಿನ ಆಯಿಲ್ ಪ್ರೆಶರ್ ಮೀಟರಿಗೂ ಇದೇ ಉಪಾಯ ಬಂತು. ಬ್ಯಾಟರಿ ಸತ್ತರೂ ಇದು ಸುಳ್ಳು ಹೇಳುವುದಿಲ್ಲ. ತೊಂದರೆ ಒಂದೇ: ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿನವರೆಗೆ ತೆಳು ಕೊಳವೆಯಲ್ಲಿ ಬಿಸಿ ಆಯಿಲ್ ಬಂದು ನಿಂತಿರುತ್ತದೆ. ಅದುರಿ ಅದುರಿ ಕೊಳವೆ ಸೀಳಿತೋ, ಆ ಆಯಿಲ್ ಡ್ರೈವರನ ಕಾಲಿನ ಮೇಲೆ, ಬ್ರೇಕ್ ಪೆಡಲ್ಲಿನ ಮೇಲೆ.

ಈ ಕಾರುಗಳ ಡ್ಯಾಶ್‌ಬೋರ್ಡಿಗೆ ಇಂದಿನ ರೂಪ ಬರುವುದರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಣ ಕೆರೆಗಳ ಪಾಲು ದೊಡ್ಡದು. ಮ್ಯೂರಾಕ್, ಎಲ್ ಮಿರಾಜ್‌ಗಳ ಬಯಲಿನಲ್ಲಿ ಹುಡುಗರು ಹಳೆಯ ಫೋರ್ಡ್‌ಗಳನ್ನು ಬಿಚ್ಚಿ ಕಟ್ಟಿ ಓಡಿಸುತ್ತಿದ್ದರು. 1937ರಲ್ಲಿ ಅವರದೇ ಸಂಘವೂ ಆಯಿತು. ಎರಡನೇ ಮಹಾಯುದ್ಧ ಮುಗಿದಾಗ ಸೇನೆಯ ಉಳಿಕೆ ಸಾಮಾನು ಅಗ್ಗಕ್ಕೆ ಬಂತು. 1946ರಲ್ಲಿ ಬಿಲ್ ಬರ್ಕ್ ಯುದ್ಧವಿಮಾನದ ಇಂಧನ ಟ್ಯಾಂಕನ್ನೇ ಕಾರಿನ ಮೈಯಾಗಿಸಿದ. ವಿಮಾನದ ಮೀಟರು, ಟಾಗಲ್ ಸ್ವಿಚ್ಚುಗಳೂ ಹಾಗೆಯೇ ಕಾರಿಗೆ ಇಳಿದವು. ಗ್ಲೌಸ್ ತೊಟ್ಟ ಕೈಗೆ, ಕಣ್ಣು ಹಾಯಿಸದೆಯೇ, ಆನ್ ಆಗಿದೆಯೋ ಆಫ್ ಆಗಿದೆಯೋ ತಿಳಿಯುವ ಸ್ವಿಚ್ಚು ಅದು. ಕೆಂಪು ಮುಚ್ಚಳಕ್ಕೂ ಅರ್ಥವಿದೆ: ಕೈ ತಾಗಿ ಅಕಸ್ಮಾತ್ ಆನ್ ಆಗದು, ಮುಚ್ಚಳವನ್ನು ಬಡಿದು ಮುಚ್ಚಿದರೆ ಸ್ವಿಚ್ಚು ತಾನೇ ಆಫ್ ಆಗುತ್ತದೆ.

ಟ್ರ್ಯಾಕಿನಲ್ಲಿ ಮೀಟರಿನ ಅಂಕಿ ಓದಲು ಪುರುಸೊತ್ತಿಲ್ಲ. ಹಾಗಾಗಿ ರೇಸ್ ಕಾರು ಕಟ್ಟುವವರು ಮೀಟರನ್ನೇ ತಿರುಗಿಸಿ ಕೂರಿಸಿದರು: ಎಲ್ಲ ಸರಿಯಿದ್ದರೆ ಎಲ್ಲ ಮುಳ್ಳೂ ನೆಟ್ಟಗೆ ಮೇಲಕ್ಕೆ, ಒಂದು ಓರೆಯಾದರೂ ಕಣ್ಣಂಚಿಗೆ ತಿಳಿಯಬೇಕು. ನನಗೆ ಇಡೀ ಚರಿತ್ರೆಯಲ್ಲಿ ಅತ್ಯಂತ ಇಷ್ಟವಾದ ಬುದ್ಧಿವಂತಿಕೆ ಇದು; ಖರ್ಚು ಒಂದು ಪೈಸೆಯೂ ಇಲ್ಲ. ಕೆಲವು ಟ್ಯಾಕೋಮೀಟರುಗಳಲ್ಲಿ ಇನ್ನೊಂದು ಮುಳ್ಳಿತ್ತು. ಎಂಜಿನ್ ಮುಟ್ಟಿದ ಗರಿಷ್ಠ ಆರ್‌ಪಿಎಂನಲ್ಲೇ ನಿಂತು, ರೇಸ್ ಮುಗಿದ ಮೇಲೆ ಡ್ರೈವರನ ಮೇಲೆ ಮಾಲೀಕನಿಗೆ ಚಾಡಿ ಹೇಳುತ್ತಿತ್ತು.

ಮುಂದೆ ಆಯಿಲ್ ಬದಲು ಕರೆಂಟು ಒಳಗೆ ಬಂತು. ಹಳೆಯ ಬುಲೆಟ್ ಓಡಿಸಿದವರಿಗೆ ಹೆಡ್‌ಲೈಟಿನ ಮೇಲಿದ್ದ ಪುಟ್ಟ ಆಂಪಿಯರ್ ಮೀಟರ್ ನೆನಪಿರುತ್ತದೆ. ಕಾರಿನಲ್ಲಿ ಅಂಥದ್ದನ್ನಿಟ್ಟರೆ ಸ್ಟಾರ್ಟರ್ ಬಿಟ್ಟು ಉಳಿದ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಹಿಂದೆ ಸುತ್ತಿ ಹೋಗಬೇಕು. ಒಂದು ಜಾಯಿಂಟ್ ಸಡಿಲವಾದರೆ ಬೆಂಕಿ. ಅದರ ಜಾಗಕ್ಕೆ ವೋಲ್ಟ್‌ಮೀಟರ್ ಬಂತು. ಸ್ವಿಚ್ಚಿನ ಕಷ್ಟವೂ ಇದೇ. ರೇಡಿಯೇಟರ್ ಫ್ಯಾನು 20 ಆಂಪಿಯರ್ ಎಳೆಯಬಹುದು. ಅಷ್ಟನ್ನೂ ಬೆರಳಿನಡಿಯ ಟಾಗಲ್ ಹೊತ್ತರೆ ಅದು ಕಾಯುತ್ತದೆ, ಕರಗುತ್ತದೆ. ಪರಿಹಾರ ರಿಲೇ: ಸ್ವಿಚ್ಚು ರಿಲೇಯ ಸುರುಳಿಗೆ ಸುಮಾರು 0.2 ಆಂಪಿಯರ್ ಕಳಿಸಿದರೆ ಸಾಕು, ಭಾರದ ಕರೆಂಟು ಎಂಜಿನ್ ಬದಿಯಲ್ಲೇ ದಪ್ಪ ವೈರಿನಲ್ಲಿ ಹರಿಯುತ್ತದೆ. ರಿಲೇಯ ಬುಡದಲ್ಲಿರುವ 30, 85, 86, 87 ಎಂಬ ಅಂಕಿಗಳು ಜರ್ಮನಿಯ ಮಾನಕದಿಂದ ಬಂದವು. ಆಟೋ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇವತ್ತು ಮಗ್ಗಿಯಂತಿವೆ.

ವಿದ್ಯುತ್ ಮೀಟರಿಗೂ ತನ್ನದೇ ದೌರ್ಬಲ್ಯವಿದೆ. ನೀರಿನ ಬಿಸಿ ಅಳೆಯುವ ಸೆನ್ಸರಿನಲ್ಲಿ ಬಿಸಿ ಏರಿದಂತೆ ವಿದ್ಯುತ್ ನಿರೋಧ ಇಳಿಯುತ್ತದೆ. ಒಂದೇ ವೈರಿನ ಸೆನ್ಸರಿಗೆ ಅರ್ಥ್ ಸಿಗುವುದು ಅದರ ಥ್ರೆಡ್ ಮೂಲಕವೇ. ಸೋರದಿರಲೆಂದು ಅಲ್ಲಿಗೆ ನಲ್ಲಿಯವರ ಟೆಫ್ಲಾನ್ ಟೇಪು ದಪ್ಪಗೆ ಸುತ್ತಿದರೆ ಅರ್ಥ್ ಕೆಡುತ್ತದೆ, ನಿರೋಧ ಹೆಚ್ಚುತ್ತದೆ. ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ತಣ್ಣಗಿದೆ ಎನ್ನುತ್ತದೆ. ಮೀಟರಿನ ಅರ್ಥ್ ವೈರನ್ನು ಫ್ಯಾನಿನ ಅರ್ಥ್ ಜೊತೆ ಒಂದೇ ಬೋಲ್ಟಿಗೆ ಬಿಗಿದರಂತೂ ಫ್ಯಾನ್ ತಿರುಗಿದಾಗಲೆಲ್ಲ ಮುಳ್ಳು ಕುಣಿಯಬಹುದು. ಮೀಟರುಗಳ ಅರ್ಥ್ ಬೇರೆಯೇ ಇರಬೇಕು, ಅದೂ ಬಣ್ಣ ಕೆರೆದ ಬರಿ ಲೋಹಕ್ಕೆ.

ಎಲ್ಲಕ್ಕಿಂತ ಮುಖ್ಯ ಸ್ವಿಚ್ಚನ್ನು ತಂದದ್ದು ನಿಯಮ. ಕಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ನಿಯಮದ ಪ್ರಕಾರ ಕಟ್-ಆಫ್ ಸ್ವಿಚ್ಚು ಎಲ್ಲ ವಿದ್ಯುತ್ತನ್ನೂ ಕಡಿದು ಎಂಜಿನ್ನನ್ನೂ ನಿಲ್ಲಿಸಬೇಕು. ಒಳಗಿನಿಂದಲೂ ಹೊರಗಿನಿಂದಲೂ ಕೈಗೆ ಸಿಗಬೇಕು. ಬಿಳಿ ಅಂಚಿನ ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚು ಅದರ ಗುರುತು. ಬರೀ ಬ್ಯಾಟರಿ ಕಡಿದರೆ ಸಾಲದು, ಏಕೆಂದರೆ ತಿರುಗುತ್ತಿರುವ ಆಲ್ಟರ್ನೇಟರ್ ಇಗ್ನಿಷನ್ನಿಗೆ ಕರೆಂಟು ಕೊಡುತ್ತಲೇ ಇರುತ್ತದೆ. ಅದಕ್ಕೇ ಈ ಸ್ವಿಚ್ಚು ಇಗ್ನಿಷನ್ನನ್ನೂ ಕಡಿದು, ಆಲ್ಟರ್ನೇಟರಿನ ಮಿಕ್ಕ ಕರೆಂಟನ್ನು ಒಂದು ರೆಸಿಸ್ಟರಿನ ಮೂಲಕ ಅರ್ಥ್‌ಗೆ ಇಳಿಸುತ್ತದೆ.

1986ರಲ್ಲಿ ಬಾಷ್ ಕಂಪನಿ ಡೆಟ್ರಾಯ್ಟ್‌ನಲ್ಲಿ ಕ್ಯಾನ್ ಬಸ್ ಎಂಬ ಸಂದೇಶ ಜಾಲವನ್ನು ಪರಿಚಯಿಸಿತು. ಈಗ ಹೆಣೆದ ಎರಡೇ ತಂತಿಗಳಲ್ಲಿ ಒತ್ತಡ, ಬಿಸಿ, ವೇಗ ಎಲ್ಲದರ ಸುದ್ದಿಯೂ ಡಿಜಿಟಲ್ ಪರದೆಗೆ ಬರುತ್ತದೆ. ಆಯಿಲೂ ಇಲ್ಲ, ಭಾರದ ಕರೆಂಟೂ ಇಲ್ಲ. ವೈರುಗಳೂ ವಿಮಾನದಿಂದಲೇ ಬಂದವು: ಟೆಫ್ಜೆಲ್ ಹೊದಿಕೆ 150 ಡಿಗ್ರಿ ಬಿಸಿ ತಾಳುತ್ತದೆ, ಸಾಮಾನ್ಯ ಪಿವಿಸಿ ಅದಕ್ಕೆ ಮೊದಲೇ ಮೆತ್ತಗಾಗುತ್ತದೆ.

ಆದರೂ ಒಂದು ಹಳೆಯ ವಸ್ತುವಿಗೆ ಬದಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ವೇಗವಾಗಿ ತಿರುವು ತೆಗೆದುಕೊಂಡಾಗ ಆಯಿಲ್ ಸಂಪಿನ ಒಂದು ಬದಿಗೆ ಸರಿಯುತ್ತದೆ, ಪಂಪು ಗಾಳಿ ಎಳೆಯುತ್ತದೆ, ಅರೆಕ್ಷಣ ಒತ್ತಡ ಬೀಳುತ್ತದೆ. ಬೇರಿಂಗ್ ಹಾಳಾಗಲು ಅಷ್ಟು ಸಾಕು, ಮತ್ತು ಆಗ ಡ್ರೈವರನ ಕಣ್ಣು ತಿರುವಿನ ಮೇಲಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೀಟರು ಕೊಂಡು, ಕಾರು ಕಟ್ಟಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಒಯ್ಯುವ ಗೆಳೆಯರಲ್ಲಿ ಕೋರಿಕೆ ಇಷ್ಟು: ಪರದೆ ಎಷ್ಟೇ ದುಬಾರಿಯದಿರಲಿ, ಅದರ ಪಕ್ಕದಲ್ಲಿ ಆಯಿಲ್ ಒತ್ತಡ ಬಿದ್ದೊಡನೆ ಹೊತ್ತಿಕೊಳ್ಳುವ ದೊಡ್ಡದೊಂದು ಕೆಂಪು ದೀಪ ಹಾಕಿ. ಅದಕ್ಕೆ ಬೇರೆಯೇ ಪ್ರೆಶರ್ ಸ್ವಿಚ್ಚು, ಬೇರೆಯೇ ವೈರು, ಬೇರೆಯೇ ಫ್ಯೂಸು ಇರಲಿ.