ಕಾಣದ ಸರಕಿನ ವ್ಯಾಪಾರ

ಅಂಗಡಿಯಲ್ಲಿ ಅಕ್ಕಿ ಕೊಳ್ಳುವವನು ಒಂದು ಹಿಡಿಯನ್ನು ಅಂಗೈಯಲ್ಲಿ ಹರಡಿ ಕಲ್ಲುಂಟೆ, ನುಚ್ಚುಂಟೆ ಎಂದು ನೋಡುತ್ತಾನೆ. ಮಡಕೆ ಕೊಳ್ಳುವವನು ಬೆರಳಿನಿಂದ ತಟ್ಟಿ ದನಿಯನ್ನು ಕೇಳುತ್ತಾನೆ. ಸರಕನ್ನು ಪರೀಕ್ಷಿಸಿ ಕೊಳ್ಳುವುದು ವ್ಯಾಪಾರದಷ್ಟೇ ಹಳೆಯ ಪದ್ಧತಿ. ಆದರೆ ಇಂದು ಲೋಕದಲ್ಲೆಲ್ಲ ನಡೆಯುತ್ತಿರುವ ಒಂದು ವ್ಯಾಪಾರದಲ್ಲಿ ಸರಕಿಗೆ ತೂಕವಿಲ್ಲ, ಬಣ್ಣವಿಲ್ಲ, ದನಿಯಿಲ್ಲ. ಮಾರಿದ ಮೇಲೂ ಅದು ಮಾರಿದವನ ಬಳಿಯಲ್ಲಿಯೇ ಉಳಿಯುತ್ತದೆ. ಕೊಂಡವನಿಗೆ ದೊರೆಯುವುದು ಅದರ ನಕಲು ಮತ್ತು ಅದನ್ನು ಬಳಸುವ ಅನುಮತಿ ಮಾತ್ರ. ಈ ಸರಕೇ ಗಣಕಯಂತ್ರದ ತಂತ್ರಾಂಶ. ಅಂತರಜಾಲದ ಮೂಲಕ ಅದು ನಮ್ಮ ಮನೆಗೆ ಬಂದು ಸೇರುವ ಬಗೆ ಹೇಗೆ? ಬಂದದ್ದು ಕಳುಹಿಸಿದ್ದೇ ಹೌದೆಂದು ತಿಳಿಯುವ ಉಪಾಯವೇನು? ಇವನ್ನು ಇಲ್ಲಿ ವಿಚಾರಮಾಡೋಣ.

ಪೆಟ್ಟಿಗೆಯಿಂದ ತಂತಿಗೆ

ತಂತ್ರಾಂಶವೆಂಬುದು ಯಂತ್ರಕ್ಕೆ ಕೊಡುವ ಆಜ್ಞೆಗಳ ಸರಣಿ. ಕಟ್ಟಕಡೆಗೆ ಅದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಉದ್ದವಾದ ಸಾಲು. 1980ರ ದಶಕದಲ್ಲಿ ಈ ಸಾಲನ್ನು ಫ್ಲಾಪಿಗಳಲ್ಲಿಯೂ, ಅನಂತರ ಸಿ.ಡಿ.ಗಳಲ್ಲಿಯೂ ಬರೆದು, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ಆದರೆ ಅಂಕಿಗಳು ಪ್ರಯಾಣಮಾಡುವುದಕ್ಕೆ ಪೆಟ್ಟಿಗೆಯೇ ಬೇಕೆಂದಿಲ್ಲ. 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ, ಇಲ್ಲಿ ಸಿದ್ಧವಾದ ಕೆಲಸವನ್ನು ಉಪಗ್ರಹ ಸಂಪರ್ಕದ ಮೂಲಕ ಹೊರದೇಶಕ್ಕೆ ಕಳುಹಿಸುವ ಏರ್ಪಾಡು ಮಾಡಿಕೊಂಡಿತು. 1993ರ ಡಿಸೆಂಬರ್ 10ರಂದು ಐಡಿ ಸಾಫ್ಟ್‌ವೇರ್ ಎಂಬ ಕಂಪನಿ ತನ್ನ ‘ಡೂಮ್’ ಆಟದ ಮೊದಲ ಭಾಗವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗಣಕಯಂತ್ರಕ್ಕೆ ಏರಿಸಿತು. ಬೇಕಾದವರು ಅದನ್ನು ಪುಕ್ಕಟೆಯಾಗಿ ಪಡೆಯಬಹುದಾಗಿತ್ತು; ಮೆಚ್ಚಿದವರು ಉಳಿದ ಭಾಗಗಳಿಗೆ ಹಣ ತೆರಬೇಕಾಗಿತ್ತು. 2003ರಲ್ಲಿ ಆಟಗಳಿಗಾಗಿ ‘ಸ್ಟೀಮ್’, 2008ರ ಜುಲೈಯಲ್ಲಿ ಫೋನುಗಳಿಗಾಗಿ ಆಪಲ್ ಕಂಪನಿಯ ‘ಆಪ್ ಸ್ಟೋರ್’, ಹೀಗೆ ಗೋಡೆಯಿಲ್ಲದ ಅಂಗಡಿಗಳು ಒಂದೊಂದಾಗಿ ತೆರೆದವು.

ಇದು ಸಾಧ್ಯವಾದದ್ದು ತಂತಿಯ ವೇಗ ಹೆಚ್ಚಿದ್ದರಿಂದ. ಒಂದು ಸಿ.ಡಿ.ಯಲ್ಲಿ ಸುಮಾರು 65 ಕೋಟಿ ಬೈಟ್, ಎಂದರೆ 520 ಕೋಟಿ ಬಿಟ್ ಹಿಡಿಸುತ್ತದೆ. 1990ರ ದಶಕದ ಕೊನೆಯ ದೂರವಾಣಿ ಮೋಡೆಮ್ ಸೆಕೆಂಡಿಗೆ ಹೆಚ್ಚೆಂದರೆ 56,000 ಬಿಟ್ಟುಗಳನ್ನು ತರುತ್ತಿತ್ತು. ಭಾಗಿಸಿ ನೋಡಿದರೆ, ಆ ಒಂದು ಸಿ.ಡಿ.ಯಷ್ಟು ಸರಕು ಬರಲು ಸುಮಾರು 26 ಗಂಟೆ ಬೇಕು. ಸೆಕೆಂಡಿಗೆ 10 ಕೋಟಿ ಬಿಟ್ ಹರಿಯುವ ಇಂದಿನ ಸಂಪರ್ಕದಲ್ಲಿ ಅದಕ್ಕೆ 52 ಸೆಕೆಂಡು ಸಾಕು!

ದಾರಿಯ ತಪ್ಪುಗಳು

ಸರಕು ಇಡಿಯಾಗಿ ಬರುವುದಿಲ್ಲ. ಅದನ್ನು ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಒಡೆದು, ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟು ಕಳುಹಿಸುತ್ತಾರೆ. ಪ್ಯಾಕೆಟ್ಟಿಗೆ 1,460 ಬೈಟಿನಂತೆ ನಮ್ಮ ಸಿ.ಡಿ.ಯ ಸರಕು ಸುಮಾರು 4,45,000 ಪ್ಯಾಕೆಟ್ಟುಗಳಾಗುತ್ತದೆ. ಇವು ಬೇರೆ ಬೇರೆ ದಾರಿ ಹಿಡಿದು ಹಿಂದುಮುಂದಾಗಿ ಬಂದರೂ ಸಂಖ್ಯೆಯನ್ನು ನೋಡಿ ಜೋಡಿಸಿಕೊಳ್ಳಬಹುದು. ಕಳೆದುಹೋದುದನ್ನು ಮತ್ತೆ ತರಿಸಿಕೊಳ್ಳಬಹುದು. ಆದರೆ ದಾರಿಯಲ್ಲಿ ಒಂದು ಅಂಕಿಯೇ ಬದಲಾದರೆ ತಿಳಿಯುವುದು ಹೇಗೆ?

ಹಿಂದಿನ ಲೆಕ್ಕದ ಉಪಾಧ್ಯಾಯರು ಬಳಸುತ್ತಿದ್ದ ‘ಒಂಬತ್ತನ್ನು ಕಳೆಯುವ’ ಉಪಾಯವನ್ನು ವಾಚಕರು ಬಲ್ಲರಷ್ಟೆ. 3652 ಎಂಬ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 16. ಒಂಬತ್ತನ್ನು ಕಳೆದರೆ 7. ಸಂಖ್ಯೆಯ ಜೊತೆಗೆ ಈ 7ನ್ನೂ ಕಳುಹಿಸಿದೆವೆನ್ನೋಣ. ಅತ್ತ 3752 ಎಂದು ತಲಪಿದರೆ ಲೆಕ್ಕ 8 ಬರುತ್ತದೆ, ತಪ್ಪು ಬಯಲಾಗುತ್ತದೆ. ಆದರೆ ಅಂಕಿಗಳು ಸ್ಥಳ ಬದಲಿಸಿ 3562 ಎಂದು ತಲಪಿದರೆ? ಆಗಲೂ 7ೇ ಬರುತ್ತದೆ, ತಪ್ಪು ತಪ್ಪಿಸಿಕೊಳ್ಳುತ್ತದೆ. ಪ್ಯಾಕೆಟ್ಟುಗಳ ಪರೀಕ್ಷೆಯೂ ಇದೇ ಜಾತಿಯದು. ಆಕಸ್ಮಿಕ ದೋಷಗಳಿಗೆ ಅದು ಬಹುಮಟ್ಟಿಗೆ ಸಾಕು. ಬೇಕೆಂದೇ ಸರಕನ್ನು ತಿದ್ದುವ ಕಳ್ಳನ ಮುಂದೆ ಅದು ನಿಲ್ಲಲಾರದು.

ಆದುದರಿಂದ ಇನ್ನೂ ಬಿಗಿಯಾದ ಲೆಕ್ಕ ಬೇಕಾಯಿತು. ಇದಕ್ಕೆ ಹ್ಯಾಷ್ ಎಂದು ಹೆಸರು. ನಾವು ಸಾರಸಂಖ್ಯೆ ಎನ್ನೋಣ. ಅಮೆರಿಕದಲ್ಲಿ 2002ರಲ್ಲಿ ಸರಕಾರಿ ಮಾನಕವಾದ ಎಸ್.ಎಚ್.ಎ.-256 ಎಂಬ ವಿಧಾನ, ಸರಕು ಎಷ್ಟೇ ದೊಡ್ಡದಿರಲಿ, ಅದನ್ನು ಅರೆದು 256 ಬಿಟ್ಟುಗಳ ಒಂದು ಸಂಖ್ಯೆಯನ್ನು ಕೊಡುತ್ತದೆ. ಮೂಲದಲ್ಲಿ ಒಂದೇ ಬಿಟ್ ಬದಲಾದರೂ ಸಾರಸಂಖ್ಯೆಯ ಸುಮಾರು ಅರ್ಧದಷ್ಟು ಬಿಟ್ಟುಗಳು ಬದಲಾಗುತ್ತವೆ. ಇಂಥ ಸಂಖ್ಯೆಗಳು ಒಟ್ಟು ಎಷ್ಟಿರಬಹುದೆಂದು ಬರೆಯಹೊರಟರೆ 78 ಅಂಕಿಗಳು ಬೇಕಾಗುತ್ತವೆ. ಒಂದೇ ಸಾರಸಂಖ್ಯೆಯುಳ್ಳ ಬೇರೊಂದು ಸರಕನ್ನು ಹುಡುಕಿ ತೆಗೆಯುವುದು ಇಂದಿನ ಯಾವ ಯಂತ್ರಕ್ಕೂ ಆಗದ ಮಾತು.

ಮುದ್ರೆಯೊತ್ತುವ ಗಣಿತ

ಆದರೆ ಕಳ್ಳನು ಸರಕನ್ನೂ ಸಾರಸಂಖ್ಯೆಯನ್ನೂ ಒಟ್ಟಿಗೆ ಬದಲಿಸಿಬಿಟ್ಟರೆ? ಹಿಂದೆ ಅರಸರು ಓಲೆಗೆ ಮುದ್ರೆಯೊತ್ತುತ್ತಿದ್ದರು. ಅಂಕಿಗಳಿಗೂ ಮುದ್ರೆಯೊತ್ತುವ ಉಪಾಯವನ್ನು 1977ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕಂಡುಹಿಡಿದರು. 101ನ್ನು 113ರಿಂದ ಗುಣಿಸಿ 11,413 ಎನ್ನುವುದು ಸುಲಭ. 11,413ನ್ನು ಕೊಟ್ಟು ಅದರ ಅಪವರ್ತನಗಳನ್ನು ಕೇಳಿದರೆ ತುಸು ತಿಣುಕಬೇಕು. ನೂರಾರು ಅಂಕಿಗಳ ಸಂಖ್ಯೆಯಾದರೆ ಇಂದಿನ ಯಂತ್ರಗಳೂ ಸೋಲುತ್ತವೆ. ಈ ಅಸಮತೆಯನ್ನು ಆಧರಿಸಿ ಎರಡು ಕೀಲಿಗಳನ್ನು ರಚಿಸಬಹುದು. ಗುಪ್ತಕೀಲಿ ಮಾರುವವನ ಬಳಿಯೇ ಇರುತ್ತದೆ. ಅವನು ಅದರಿಂದ ಸಾರಸಂಖ್ಯೆಯನ್ನು ಮಾರ್ಪಡಿಸಿ ಸರಕಿಗೆ ಲಗತ್ತಿಸುತ್ತಾನೆ. ಲೋಕಕ್ಕೆಲ್ಲ ತಿಳಿದಿರುವ ಬಹಿರಂಗ ಕೀಲಿಯಿಂದ ನಮ್ಮ ಯಂತ್ರ ಅದನ್ನು ಬಿಡಿಸಿ ತಾಳೆನೋಡುತ್ತದೆ. ಇದೇ ಡಿಜಿಟಲ್ ಸಹಿ. ಅರಗಿನ ಮುದ್ರೆಯನ್ನು ಒಂದು ಓಲೆಯಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಬಹುದು. ಈ ಮುದ್ರೆ ಓಲೆಯ ಅಕ್ಷರಗಳಿಂದಲೇ ಹುಟ್ಟಿದ್ದರಿಂದ ಹಾಗೆ ಮಾಡಲಾಗದು. ಬಹಿರಂಗ ಕೀಲಿ ಯಾರದೆಂಬುದಕ್ಕೆ ನಂಬಿಕೆಯುಳ್ಳ ಸಂಸ್ಥೆಗಳು ಪ್ರಮಾಣಪತ್ರ ಕೊಡುತ್ತವೆ. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಇಂಥ ಸಹಿಗೆ ಮಾನ್ಯತೆ ನೀಡಿದೆ.

ಮುದ್ರೆ ಸೋತಾಗ

ಇಷ್ಟಾದರೂ ನಾವು ನಿಶ್ಚಿಂತರಾಗುವಂತಿಲ್ಲ. ಎಂ.ಡಿ.5 ಎಂಬ ಹಳೆಯ ಸಾರಸಂಖ್ಯಾ ವಿಧಾನದಲ್ಲಿ ಎರಡು ಬೇರೆ ಸಂದೇಶಗಳಿಗೆ ಒಂದೇ ಸಂಖ್ಯೆ ಬರುವಂತೆ ಮಾಡಬಹುದೆಂದು 2004ರಲ್ಲಿ ಚೀನಾದ ವಿಜ್ಞಾನಿ ವಾಂಗ್ ಷಿಯಾವೊಯುನ್ ಮತ್ತು ಸಂಗಡಿಗರು ತೋರಿಸಿದರು. 2012ರಲ್ಲಿ ಬೆಳಕಿಗೆ ಬಂದ ‘ಫ್ಲೇಮ್’ ಎಂಬ ಕುತಂತ್ರಾಂಶ ಈ ಬಗೆಯ ದೋಷವನ್ನೇ ಬಳಸಿ, ಮೈಕ್ರೋಸಾಫ್ಟ್ ಕಂಪನಿಯ ಪ್ರಮಾಣಪತ್ರದಂತೆಯೇ ತೋರುವ ಪತ್ರವನ್ನು ಹೊತ್ತು, ವಿಂಡೋಸ್‌ನ ಪರಿಷ್ಕರಣವೆಂಬ ವೇಷದಲ್ಲಿ ಯಂತ್ರಗಳನ್ನು ಹೊಕ್ಕಿತ್ತು. ಗಣಿತ ಸಡಿಲವಾದರೆ ಮುದ್ರೆಯೂ ಸಡಿಲ.

2020ರ ಡಿಸೆಂಬರಿನಲ್ಲಿ ಬಯಲಾದ ಪ್ರಕರಣ ಇದಕ್ಕಿಂತ ವಿಚಿತ್ರವಾದುದು. ಸೋಲಾರ್‌ವಿಂಡ್ಸ್ ಎಂಬ ಅಮೆರಿಕದ ಕಂಪನಿಯೊಳಕ್ಕೆ ನುಸುಳಿದವರು, ಮನುಷ್ಯರು ಬರೆದ ಮೂಲಪಾಠವು ಯಂತ್ರದ ಅಂಕಿಗಳಾಗಿ ಪರಿವರ್ತನೆಯಾಗುವ ಹಂತದಲ್ಲಿ ತಮ್ಮ ಆಜ್ಞೆಗಳನ್ನು ಸೇರಿಸಿದ್ದರು. ಅನಂತರ ಕಂಪನಿಯೇ ತನ್ನ ನಿಜವಾದ ಮುದ್ರೆಯನ್ನು ಒತ್ತಿತು! ಆ ಪರಿಷ್ಕರಣ ಸುಮಾರು 18,000 ಗ್ರಾಹಕರಿಗೆ ತಲಪಿತೆಂದು ಅಂದಾಜು. ಅಮೆರಿಕದ ಸರಕಾರದ ಇಲಾಖೆಗಳೂ ಅವರಲ್ಲಿದ್ದುವು. 2024ರ ಜುಲೈ 19ರಂದು ಕಳ್ಳನೇ ಇರಲಿಲ್ಲ. ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷವುಳ್ಳ ಒಂದು ಪರಿಷ್ಕರಣದಿಂದ ಸುಮಾರು 85 ಲಕ್ಷ ಯಂತ್ರಗಳು ನಿಂತು, ವಿಮಾನಗಳೂ ಆಸ್ಪತ್ರೆಗಳ ಕೆಲಸಗಳೂ ಸ್ತಬ್ಧವಾದುವು.

ಇವುಗಳಿಂದ ತಿಳಿಯತಕ್ಕದ್ದೇನು? ಸಹಿಯು ‘ಇದನ್ನು ಇಂಥವರು ಕಳುಹಿಸಿದರು, ದಾರಿಯಲ್ಲಿ ಇದು ಬದಲಾಗಿಲ್ಲ’ ಎಂದಷ್ಟೇ ಹೇಳಬಲ್ಲದು. ‘ಇದು ಒಳ್ಳೆಯದು’ ಎಂದು ಹೇಳಲಾರದು. ಆದ್ದರಿಂದಲೇ ಡೆಬಿಯನ್ ಮೊದಲಾದ ಬಳಗಗಳು, ಒಂದೇ ಮೂಲಪಾಠವನ್ನು ಹಲವರು ಬೇರೆಬೇರೆಯಾಗಿ ಪರಿವರ್ತಿಸಿ ಸಾರಸಂಖ್ಯೆಗಳು ಒಂದೇ ಬರುವುವೇ ಎಂದು ಹೋಲಿಸುವ ಪದ್ಧತಿಯನ್ನು ಬೆಳೆಸುತ್ತಿವೆ. ಪರಿಷ್ಕರಣವನ್ನು ಮೊದಲು ಕೆಲವೇ ಯಂತ್ರಗಳಿಗೆ ಕಳುಹಿಸಿ, ನೋಡಿ, ಆಮೇಲೆ ಎಲ್ಲರಿಗೂ ಕೊಡುವುದು ಇನ್ನೊಂದು ಎಚ್ಚರಿಕೆ. ಕೊಳ್ಳುವವನ ಪಾಲಿಗೂ ಕರ್ತವ್ಯವುಂಟು: ಸರಕನ್ನು ತಯಾರಕನ ಸ್ವಂತ ಅಂಗಡಿಯಿಂದಲೇ ಪಡೆಯಬೇಕು, ಸಹಿ ಸರಿಯಿಲ್ಲವೆಂದು ಯಂತ್ರ ಎಚ್ಚರಿಸಿದರೆ ಅಲ್ಲಿಗೇ ನಿಲ್ಲಬೇಕು. ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನೋಡುವ ವಿವೇಕ ಕಾಣದ ಸರಕಿಗೂ ಬೇಕು. ನಮ್ಮ ಕಣ್ಣಿಗಾಗದ ಆ ಪರೀಕ್ಷೆಯನ್ನು ಗಣಿತ ಮಾಡಿಕೊಡುತ್ತದೆ. ಅದರ ತೀರ್ಪನ್ನು ಕೇಳುವ ತಾಳ್ಮೆ ಮಾತ್ರ ನಮ್ಮದಾಗಿರಬೇಕು.